ಹೆಂಚು ತೊಳೆಯೋಕೆ ಚದರಡಿಗೆ ಎಷ್ಟು?

ಏಪ್ರಿಲ್ ಎರಡನೇ ವಾರದಿಂದ ಮುಂಗಾರು ಹಿಡಿಯುವ ತನಕ ನನ್ನ ವಾಟ್ಸ್ಆ್ಯಪ್‌ಗೆ ಬರುವ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ. ಮನೆಯ ಫೋಟೋ, ಲೊಕೇಶನ್, ಕೆಳಗೊಂದು ಸಾಲು: 'ಹೆಂಚು ತೊಳೆಯೋಕೆ ಸ್ಕ್ವೇರ್ ಫೀಟ್‌ಗೆ ಎಷ್ಟು?' ಕಳಿಸುವವರು ಬಹುತೇಕ ನನ್ನಂಥವರೇ. ಬೆಂಗಳೂರಲ್ಲಿ ಕೆಲಸ, ಊರಲ್ಲಿ ಅಪ್ಪ ಅಮ್ಮ, ಅವರ ತಲೆ ಮೇಲೆ ಅಜ್ಜನ ಕಾಲದ ಮಾಡು. ಜೂನ್ ಬಂದರೆ ಸೋರುತ್ತೆ.

ನಾನು ಹಗಲು ಸಾಫ್ಟ್‌ವೇರ್ ಎಂಜಿನಿಯರ್, ಕೊಪ್ಪದ ಮನೆಯಿಂದಲೇ ಲಾಗಿನ್. ಸಂಜೆ ಮತ್ತು ಶನಿವಾರ-ಭಾನುವಾರ ಭಾವನ ಕಾಂಟ್ರ್ಯಾಕ್ಟಿನ ಪಾಲುದಾರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನಲ್ಲಿ ಮಾಡು, ಅಂಗಳ, ಹೋಂಸ್ಟೇಗಳ ಮರದ ಡೆಕ್ಕು ತೊಳೆದು ಕೊಡೋದು ನಮ್ಮ ಕೆಲಸ. ಜನ ಜೋಡಿಸೋದು, ಮಾಡು ನೋಡೋದು ಭಾವ. ಕೊಟೇಶನ್, ಲೆಕ್ಕ, ವಸೂಲಿ ನಾನು. ವಸೂಲಿಯೇ ಕಷ್ಟದ್ದು, ಅದಿರಲಿ.

ಚದರಡಿ ಪ್ರಶ್ನೆಗೆ ನೇರ ಉತ್ತರ ಯಾಕಿಲ್ಲ ಅಂತ ಹೇಳಬೇಕಾದರೆ ಮಳೆಯಿಂದ ಶುರು ಮಾಡಬೇಕು. ಶೃಂಗೇರಿಯಲ್ಲಿ ವರ್ಷದ ಸರಾಸರಿ ಮಳೆ 3500 ಮಿಲಿಮೀಟರ್ ದಾಟುತ್ತದೆ. ಕೊಪ್ಪದಲ್ಲಿ ಅದಕ್ಕಿಂತ ಕಡಿಮೆ. ಭದ್ರಾ ಹಿನ್ನೀರಿನ ಬದಿಯ ನರಸಿಂಹರಾಜಪುರದಲ್ಲಿ ಶೃಂಗೇರಿಯ ಅರ್ಧದಷ್ಟೂ ಇಲ್ಲ. ನರಸಿಂಹರಾಜಪುರದಲ್ಲಿ ಮೂರು ವರ್ಷಕ್ಕೊಮ್ಮೆ ಗುಡಿಸಿದರೆ ಸಾಕಾಗುವ ಮಾಡಿಗೆ ಶೃಂಗೇರಿ ಕಡೆ ಪ್ರತಿ ವರ್ಷ ಜನ ಹತ್ತಬೇಕು. ಅದರಲ್ಲೂ ಮನೆಯ ಹಿಂದೆ ಗುಡ್ಡವಿದ್ದು, ಬಿಸಿಲು ಬೀಳದ ಬದಿಯಿದ್ದರೆ ಅಲ್ಲಿ ಹಾವಸೆ ಬೆರಳು ದಪ್ಪ ಕೂತಿರುತ್ತದೆ. ಹಲಸಿನ ಎಲೆ, ಸಿಲ್ವರ್ ಓಕ್ ಎಲೆ, ಅದರ ಮೇಲೆ ಮಂಗಗಳ ಓಡಾಟ. ಒಂದೇ ಅಳತೆಯ ಎರಡು ಮಾಡಿಗೆ ಒಂದೇ ರೇಟು ಹೇಗೆ ಹೇಳೋದು?

ಇಲ್ಲಿ ಬಹಳ ಜನ ತಪ್ಪು ತಿಳಿಯುವ ವಿಷಯ ಒಂದಿದೆ. ಹೆಂಚು ತೊಳೆಯೋದು ಕೆಂಪಗೆ ಕಾಣಲಿ ಅಂತಲ್ಲ. ನಮ್ಮ ಕಡೆ ಮೊದಲು ಇದ್ದದ್ದು ಸೋಗೆ, ಹುಲ್ಲು, ನಾಡಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಬಂದದ್ದು ಈ ಮಂಗಳೂರು ಹೆಂಚು. ಅದರ ಜಾಣತನವೆಲ್ಲ ಅಂಚಿನ ಗಾಡಿಯಲ್ಲಿದೆ. ಒಂದರ ಅಂಚು ಇನ್ನೊಂದರ ಗಾಡಿಯೊಳಗೆ ಕೂತು, ನೀರು ಅದರಲ್ಲೇ ಹರಿದು ಸೂರಿಗೆ ಬರುತ್ತದೆ. ಆ ಗಾಡಿಯಲ್ಲಿ ಹಾವಸೆ, ಮಣ್ಣು, ಎಲೆ ತುಂಬಿದರೆ ಸಣ್ಣ ಅಣೆಕಟ್ಟು ಕಟ್ಟಿದ ಹಾಗೆ. ನೀರು ಕೆಳಗೆ ಹೋಗೋಕೆ ದಾರಿಯಿಲ್ಲದೆ ಪಕ್ಕಕ್ಕೆ ಹತ್ತಿ ಒಳಗಿಳಿಯುತ್ತದೆ. ಒಳಗೆ ರೀಪು, ಪಕಾಸಿ, ಅದರ ಕೆಳಗೆ ಅಟ್ಟದಲ್ಲಿ ಅಡಿಕೆ ಮೂಟೆ. ಹೆಂಚು ಒಂದೂ ಒಡೆದಿರುವುದಿಲ್ಲ, ಆದರೂ ಮಾಡು ಸೋರುತ್ತದೆ. ಎರಡು ಮಾಡು ಸೇರುವ ಮೂಲೆಯ ದೋಣಿ ಕಟ್ಟಿದರಂತೂ ಕೇಳುವುದೇ ಬೇಡ.

ಹಾಗಾದರೆ ಪ್ರೆಷರ್ ವಾಷರ್ ತಂದು ಹೊಡೆದರೆ ಆಯ್ತಲ್ಲ? ಯೂಟ್ಯೂಬ್‌ನಲ್ಲಿ ನೋಡೋಕೆ ಚೆಂದ, ಕಪ್ಪು ಮಾಡಿನ ಮೇಲೆ ಕೆಂಪು ಗೆರೆ ಎಳೆದ ಹಾಗೆ. ಭಾವ ಮೆಷಿನ್ ತಂದ ದಿನ ನಮ್ಮ ತಂಡದ ಹಿರಿಯರು, ನಲವತ್ತು ವರ್ಷ ಅಡಿಕೆ ಮರ ಮತ್ತು ಮಾಡು ಹತ್ತಿದವರು, ಅದರ ಪೈಪು ಹಿಡಿದು ನೋಡಿ, "ಅಂಗಳಕ್ಕೆ ಅಡ್ಡಿಲ್ಲ. ಮಾಡಿಗೆ ಬ್ಯಾಡ ಮಾರಾಯ" ಅಂದರು. ಕಾರಣ ಎರಡು. ಹೆಂಚು ಮಳೆಯ ನೀರು ಮೇಲಿಂದ ಕೆಳಗೆ ಬರುತ್ತೆ ಅಂತ ಮಾಡಿದ್ದು. ಮೆಷಿನ್ನಿನ ನೀರನ್ನು ಕೆಳಗಿಂದ ಮೇಲಕ್ಕೆ ಹೊಡೆದರೆ ಗಾಡಿ ದಾಟಿ ಸೀದಾ ಅಟ್ಟಕ್ಕೆ. ಎರಡನೆಯದು, ಹಳೇ ಹೆಂಚಿನ ಮೇಲ್ಮೈ ಕೆತ್ತಿ ಹೋಗಿ, ಮುಂದಿನ ಮಳೆಗೆ ಹಾವಸೆ ಇನ್ನೂ ಬೇಗ ಹಿಡಿಯುತ್ತದೆ. ಮೂರನೆಯದನ್ನು ನಾನು ಸೇರಿಸುತ್ತೇನೆ: ನಮ್ಮ ಮೆಷಿನ್ ನಿಮಿಷಕ್ಕೆ ಏಳು ಲೀಟರ್ ಕುಡಿಯುತ್ತದೆ, ಆರು ಗಂಟೆಗೆ 2500 ಲೀಟರ್. ಮೇ ತಿಂಗಳಲ್ಲಿ ಯಾರ ಮನೆ ಬಾವಿಯಲ್ಲಿ ಅಷ್ಟು ನೀರಿದೆ? ಇದ್ದರೂ, ಒಂದು ಗಾಳಿ ಬೀಸಿದರೆ ಕರೆಂಟ್ ಇರುವುದಿಲ್ಲ.

ಹಾಗಾಗಿ ಮಾಡಿನ ಕೆಲಸ ಒಣಗಿರುವಾಗಲೇ, ಕೈಯಲ್ಲೇ. ಕೆರೆಯುವ ಪಟ್ಟಿ, ತಂತಿ ಬ್ರಷ್, ಕಡ್ಡಿ ಪೊರಕೆ. ಹೆಂಚನ್ನು ಸಾಲಾಗಿ ತೆಗೆದು, ಗಾಡಿ ಬಿಡಿಸಿ, ಒಡೆದದ್ದು ಬದಲಾಯಿಸಿ ಮತ್ತೆ ಕೂರಿಸುವುದು. ನೂರು ಚದರಡಿಗೆ ಸುಮಾರು 130 ಹೆಂಚು. 1800 ಚದರಡಿ ಮಾಡು ಅಂದರೆ 2300 ಮೀರಿತು. ಒಂದೊಂದೂ ಎರಡು ಕೆ.ಜಿ.ಗಿಂತ ಜಾಸ್ತಿ. ನಾಲ್ಕು ಜನರಿಗೆ ಎರಡು ದಿನ, ಕೆಲವೊಮ್ಮೆ ಮೂರು. ಮೆಷಿನ್ ಬಳಕೆಯಾಗೋದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಮಳೆ ಬಿಟ್ಟ ಮೇಲೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಗಾಜಿನ ಹಾಗೆ ಜಾರುತ್ತಿರುತ್ತದೆ. ನವರಾತ್ರಿಗೆ ಶೃಂಗೇರಿಗೆ ಜನ ಬರುವ ಮುಂಚೆ ಹೋಂಸ್ಟೇಯವರಿಗೆ ಡೆಕ್ಕು, ಮೆಟ್ಟಿಲು ಆಗಲೇಬೇಕು. ಮರಕ್ಕೆ ಪ್ರೆಷರ್ ಅರ್ಧಕ್ಕಿಳಿಸಿ, ನಾರಿನ ಉದ್ದಕ್ಕೇ ಹೊಡೆಯಬೇಕು. ಇಲ್ಲದಿದ್ದರೆ ನಾರು ಎದ್ದು ಬರಿಗಾಲಿಗೆ ಚುಚ್ಚುತ್ತದೆ.

ಬ್ಲೀಚಿಂಗ್ ಪೌಡರ್ ಹಾಕಿ ಅಂತ ಕೇಳುವವರೂ ಇದ್ದಾರೆ. ಒಂದೇ ದಿನಕ್ಕೆ ಬೆಳ್ಳಗಾಗುತ್ತದೆ, ನಿಜ. ಆದರೆ ಸೂರಿನ ನೀರು ಎಲ್ಲಿಗೆ ಹೋಗುತ್ತೆ ನೋಡಿ. ನಮ್ಮ ಕಡೆ ಅಂಗಳದ ಮೂಲೆಯಲ್ಲೇ ಬಾವಿ, ಅಂಗಳದ ಕೆಳಗೆ ತೋಟ, ತೋಟದ ಕೆಳಗೆ ಹಳ್ಳ, ಹಳ್ಳ ಸೇರೋದು ತುಂಗೆಗೆ. ಶೃಂಗೇರಿಯ ಘಟ್ಟದಲ್ಲಿ ನಿಂತು ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವವರೇ, ಮನೆಗೆ ಹೋಗಿ ಮಾಡಿಗೆ ಎರಡು ಚೀಲ ಬ್ಲೀಚ್ ಹೊಡೆಸಿದರೆ ಹೇಗೆ? ನಾವು ಬಾವಿಯಿರುವ ಬದಿಯ ಮಾಡಿಗೆ ಹಾಕೋದೇ ಇಲ್ಲ. ಅದಕ್ಕೆ ಕೆಲವರು ಬೇಜಾರಾದರು, ಆಗಲಿ.

ಈಗ ರೇಟಿನ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಮೇ ತಿಂಗಳಲ್ಲಿ ಒಂದು ಹೋಂಸ್ಟೇಗೆ ಕೊಟೇಶನ್ ಕೊಟ್ಟಿದ್ದೆ. ಅದರಲ್ಲಿ ಹಗ್ಗ, ಸೇಫ್ಟಿ ಬೆಲ್ಟ್, ಮಾಡಿನ ಮೇಲೆ ಹಾಸುವ ಏಣಿ, ಕೆಳಗೆ ಹಗ್ಗ ನೋಡಿಕೊಳ್ಳೋಕೆ ಒಬ್ಬ, ವಿಮೆ ಎಲ್ಲ ಸೇರಿತ್ತು. ಮಾಲೀಕರು, "ಮಾಡು ಹತ್ತೋರಿಗೆ ಹಗ್ಗ ಯಾಕ್ರೀ, ಅಡಿಕೆ ಮರಾನೇ ಹತ್ತುತ್ತಾರೆ" ಅಂತ ನಕ್ಕರು. ನಮಗಿಂತ ಆರು ಸಾವಿರ ಕಡಿಮೆಗೆ ಬೇರೆಯವರು ಒಪ್ಪಿಕೊಂಡರು. ಐದನೇ ದಿನ ಸುದ್ದಿ ಬಂತು. ಆ ತಂಡದ ಹುಡುಗನೊಬ್ಬ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಹಿಂದಿನ ರಾತ್ರಿ ಮಳೆ ಬಿದ್ದು ಹಸಿಯಾಗಿದ್ದ ಮಾಡಿನ ಮೇಲೆ ಜಾರಿ ಕೆಳಗೆ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು. ಆಂಬುಲೆನ್ಸ್‌ನಲ್ಲಿ ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೆ. ಖರ್ಚು ಯಾರದು? ಮಾಲೀಕರು ಕಾಂಟ್ರ್ಯಾಕ್ಟರ್ ಕಡೆ ಕೈ ತೋರಿಸಿದರು, ಕಾಂಟ್ರ್ಯಾಕ್ಟರ್ ಹತ್ತು ಸಾವಿರ ಕೊಟ್ಟು ಫೋನ್ ಎತ್ತೋದು ಬಿಟ್ಟ. ಹುಡುಗನ ಅಮ್ಮ ಒಡವೆ ಅಡವಿಟ್ಟರು ಅಂತ ನಮ್ಮ ತಂಡದವರೇ ಹೇಳಿದ್ದು, ಅವನು ಅವರಲ್ಲೊಬ್ಬರಿಗೆ ಸಂಬಂಧಿ.

ಮಾರನೆಯ ಬೆಳಿಗ್ಗೆ ನಮ್ಮವರು ಏಣಿ ಹತ್ತಲಿಲ್ಲ. ಜಗಲಿ ಮೇಲೆ ಕೂತು ಭಾವನನ್ನು ಒಂದೇ ಮಾತು ಕೇಳಿದರು: "ನಮಗೂ ಹಿಂಗೇ ಆದ್ರೆ ಎಂತ ಮಾಡ್ತೀರಿ?"

ಕೆಲಸದ ವೇಳೆ ಅಪಘಾತವಾದರೆ ಪರಿಹಾರದ ಹೊಣೆ ಕೆಲಸಕ್ಕೆ ಇಟ್ಟುಕೊಂಡವನದು ಅನ್ನುವ ಕಾನೂನು ನಮ್ಮ ದೇಶದಲ್ಲಿ 1923ರಿಂದಲೂ ಇದೆ. ಆದರೆ ಅದರ ಹಿಂದೆ ಕೋರ್ಟು ಕಚೇರಿ ಅಲೆಯುವಷ್ಟು ಶಕ್ತಿ ಯಾರಿಗಿದೆ? ನಾವು ಭಾವನ ಮನೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆವು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಲ್ಲರಿಗೂ ಗೊತ್ತಿರೋದು, ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಮಾಡಿಸಿಕೊಳ್ಳಲೇಬೇಕು. ಆದರೆ ಸೊಂಟ ಮುರಿದು ಆರು ತಿಂಗಳು ಮಲಗಿದವನ ಆಸ್ಪತ್ರೆ ಬಿಲ್ಲು ಅದರಲ್ಲಿ ಬರುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇನ್ನೊಂದು ದಾರಿ. ಅದಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ನಮ್ಮ ಮಾಡಿನ ಸೀಸನ್ನೇ ಅಷ್ಟಿಲ್ಲ. ಜೂನ್ ಬಂದರೆ ಇದೇ ಜನ ಕೊಳೆರೋಗಕ್ಕೆ ಬೋರ್ಡೋ ಹೊಡೆಯೋಕೆ ಮರ ಹತ್ತುತ್ತಾರೆ, ಆಮೇಲೆ ಕೊನೆ ಕೊಯ್ಲು. ಅದು ಕಟ್ಟಡದ ಕೆಲಸದ ಲೆಕ್ಕಕ್ಕೆ ಬಾರದು. ಗಾರೆ ಕೆಲಸಕ್ಕೂ ಹೋಗುವ ಇಬ್ಬರಿಗೆ ಮಾತ್ರ ಕಾರ್ಡಾಯಿತು.

ಕೊನೆಗೆ ಏಳೂ ಜನರಿಗೆ ಸೇರಿ ಗ್ರೂಪ್ ಅಪಘಾತ ವಿಮೆ ಮಾಡಿಸಿದೆವು. ಆಸ್ಪತ್ರೆ ಖರ್ಚಿಗೆ ಒಂದು ಮಿತಿಯಿದೆ, ಕೆಲಸಕ್ಕೆ ಬರಲಾಗದ ವಾರಗಳಿಗೆ ಇಂತಿಷ್ಟು ಅಂತ ಬರುತ್ತದೆ. ಫಾರಂ ತುಂಬುವಾಗ ಏಜೆಂಟರು ಕೆಲಸದ ಜಾಗದಲ್ಲಿ 'ಕ್ಲೀನಿಂಗ್' ಅಂತ ಬರೆಯಿರಿ, ಪ್ರೀಮಿಯಂ ಕಡಿಮೆಯಾಗುತ್ತೆ ಅಂದರು. 'ಎತ್ತರದಲ್ಲಿ ಕೆಲಸ' ಅಂತಲೇ ಬರೆಸಿದೆವು. ಕ್ಲೇಮ್ ದಿನ ಆ ಒಂದು ಪದದ ಮೇಲೆ ಎಲ್ಲ ನಿಂತಿರುತ್ತದೆ. ಇನ್ನೊಂದು ನಿಯಮವನ್ನು ತಂಡದವರೇ ಹಾಕಿದರು: ರಾತ್ರಿ ಮಳೆ ಬಿದ್ದರೆ ಮಧ್ಯಾಹ್ನದ ತನಕ ಮಾಡಿಗೆ ಕಾಲಿಡೋದಿಲ್ಲ, ಆ ಅರ್ಧ ದಿನದ ಕೂಲಿ ನಾವೇ ಕೊಡಬೇಕು. ಭಾವ ಸ್ವಲ್ಪ ಹೊತ್ತು ಗೊಣಗಿ ಒಪ್ಪಿದರು. ಮೇ ತಿಂಗಳ ಅಡ್ಡ ಮಳೆ ಎಷ್ಟು ಅರ್ಧ ದಿನ ತಿನ್ನುತ್ತೆ ಅಂತ ನಿಮಗೇ ಗೊತ್ತು.

ಆಮೇಲಿಂದ ನಮ್ಮ ಬಿಲ್ಲಿನಲ್ಲಿ ಚದರಡಿ ಇಲ್ಲ. ಜನ ಎಷ್ಟು, ದಿನ ಎಷ್ಟು, ಬದಲಾಯಿಸಿದ ಹೆಂಚು ಎಷ್ಟು, ಅದರ ಕೆಳಗೆ ಪ್ರತ್ಯೇಕ ಸಾಲಿನಲ್ಲಿ ಹಗ್ಗ ಮತ್ತು ವಿಮೆ. ಆ ಸಾಲನ್ನು ಬೇರೆಯದರೊಳಗೆ ಅಡಗಿಸು, ಜನ ಚೌಕಾಸಿ ಮಾಡ್ತಾರೆ ಅಂತ ಭಾವ ಹೇಳಿದರು. ಕಾಣಲಿ ಅಂತಲೇ ಹಾಕಿದ್ದು ಅಂದೆ. ಈ ವರ್ಷ ಹಳೆಯ ಗಿರಾಕಿಗಳಲ್ಲಿ ಒಂಬತ್ತು ಮನೆಯವರು ಬಿಟ್ಟುಹೋದರು. ಲಾಭ ಹೋದ ವರ್ಷಕ್ಕಿಂತ ಕಡಿಮೆಯೇ. ನನಗೆ ಸಂಬಳವಿದೆ, ನಡೆಯುತ್ತದೆ. ಭಾವನಿಗೆ ಇದೇ ಜೀವನ, ಮೆಷಿನ್ನಿನ ಸಾಲದ ಕಂತು ಬೇರೆ. ಮುಂದಿನ ವರ್ಷವೂ ಹೀಗೇ ಆದರೆ ಏನು ಮಾಡೋದು ಅನ್ನೋದು ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ. ತಂಡದವರು ಮಾತ್ರ ಏಳು ಜನವೂ ಉಳಿದಿದ್ದಾರೆ. ಮೇ ತಿಂಗಳಲ್ಲಿ ಜನ ಸಿಗದೆ ಪರದಾಡುವ ಈ ಊರಲ್ಲಿ ಅದು ಸಣ್ಣ ವಿಷಯವಲ್ಲ.

ಊರಿನ ಮನೆಗೆ ಯಾರನ್ನೇ ಕರೆಸಿ, ನಮ್ಮನ್ನೇ ಆಗಬೇಕೆಂದಿಲ್ಲ, ಫೋಟೋವನ್ನು ಅಂಗಳದಿಂದ ತೆಗೆದು ಕಳಿಸಬೇಡಿ. ಹಗಲು ಹೊತ್ತು ಅಟ್ಟದೊಳಗೆ ನಿಂತು ಮೇಲಕ್ಕೆ ತೆಗೆಯಿರಿ. ಬೆಳಕು ಎಲ್ಲಿ ಬರುತ್ತಿದೆ, ರೀಪು ಎಲ್ಲಿ ಕಪ್ಪಾಗಿದೆ ಅಂತ ಅದರಲ್ಲಿ ಕಾಣುತ್ತದೆ. ರೀಪು ಕುಂಬಾಗಿದ್ದರೆ ಮೊದಲೇ ಹೇಳಿ. ಒಂದು ಹೆಂಚಿನ ತುದಿ ಇನ್ನೊಂದರ ಮೇಲೆ ಕೂರುವ ಜಾಗದಲ್ಲೇ ಇವರು ಕಾಲಿಡುವುದು, ಕೆಳಗೆ ರೀಪು ಇದೆ ಅನ್ನುವ ನಂಬಿಕೆ ಮೇಲೆ. ಬಾವಿ ಯಾವ ಬದಿಗಿದೆ ಅಂತಲೂ ಬರೆಯಿರಿ. ಇನ್ನೊಂದು, ಮೂಲೆಯಲ್ಲಿ ಪೇರಿಸಿಟ್ಟ ಹಳೇ ಹೆಂಚನ್ನು ಯಾರಿಗೂ ಕೊಡಬೇಡಿ. ಬೇರೆ ಬೇರೆ ಕಂಪನಿಯ ಹೆಂಚಿನ ಗಾಡಿ ಒಂದಕ್ಕೊಂದು ಕೂರುವುದಿಲ್ಲ, ಹಳೇ ಕಾರ್ಖಾನೆಗಳು ಎಷ್ಟೋ ಮುಚ್ಚಿವೆ. ಒಂದು ಹೆಂಚು ಮಗುಚಿ, ಹಿಂಬದಿಯಲ್ಲಿ ಒತ್ತಿದ ಹೆಸರಿನ ಫೋಟೋ ಕಳಿಸಿದರೆ, ಅದೇ ಹೆಂಚು ಹುಡುಕೋಕೆ ನಮಗೆ ಒಂದು ವಾರ ಬೇಕು.