ಅಲೆ ತರುವ ಊಟ, ಅಲೆ ತಿದ್ದುವ ಮೈ



ಚಳಿಗಾಲದ ರಜೆ ಬಂತೆಂದರೆ ಬೇ ಏರಿಯಾದ ನಮ್ಮವರಲ್ಲಿ ಹಲವರು ಮಕ್ಕಳನ್ನು ಕರೆದುಕೊಂಡು ಮಾಸ್ ಬೀಚಿನ ಫಿಟ್ಜ್‌ಜೆರಾಲ್ಡ್ ಮರೀನ್ ರಿಸರ್ವ್‌ಗೆ ಹೋಗುತ್ತಾರೆ. ನಾನೂ ಅಲ್ಲಿಗೆ ಆಗಾಗ ಹೋಗುವವನು. ಮಕ್ಕಳದ್ದು ಪ್ರತಿಸಲವೂ ಒಂದೇ ಪ್ರಶ್ನೆ: “ಇವೆಲ್ಲ ಬಂಡೆಗೆ ಅಂಟಿಕೊಂಡೇ ಇರುತ್ತವಲ್ಲ, ಊಟಕ್ಕೆ ಏನು ಮಾಡುತ್ತವೆ?”

ಉತ್ತರ ಸರಳ. ಅವು ಊಟ ಹುಡುಕಿಕೊಂಡು ಹೋಗುವುದಿಲ್ಲ, ನೀರೇ ತಂದು ಬಡಿಸುತ್ತದೆ.

ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅವುಗಳ ಅಂತರ ಹೆಚ್ಚು. ಇದು ನಮ್ಮ ಕರಾವಳಿಯ ಮೀನುಗಾರರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಈ ಏರಿಳಿತದಿಂದಾಗಿ ಬಂಡೆಯ ಮೇಲೆ ಮೆಟ್ಟಿಲುಗಳಂತೆ ಜೀವಿಗಳ ಸಾಲು ಕಾಣುತ್ತದೆ. ನೀರು ಸ್ವಲ್ಪ ಹೊತ್ತು ಮಾತ್ರ ಮುಟ್ಟುವ ಮೇಲ್ಭಾಗದಲ್ಲಿ ಬಾರ್ನಕಲ್, ನಡುವೆ ಕಪ್ಪು ಚಿಪ್ಪಿನ ಮಸಲ್, ಕೆಳಗೆ ನಕ್ಷತ್ರಮೀನು ಮತ್ತು ಹೂವಿನಂತೆ ಅರಳುವ ಅನಿಮೋನ್. ಬಿಸಿಲನ್ನು ಎಷ್ಟು ಹೊತ್ತು ತಡೆಯಬಲ್ಲವು, ಶತ್ರುವಿನಿಂದ ಎಷ್ಟು ದೂರ ಇರಬಲ್ಲವು ಎಂಬುದರ ಮೇಲೆ ಅವುಗಳ ಜಾಗ ನಿರ್ಧಾರವಾಗುತ್ತದೆ. ನಕ್ಷತ್ರಮೀನಿಗೆ ಮಸಲ್ ಅಂದರೆ ಪ್ರಾಣ. ಆದರೆ ಬಹಳ ಹೊತ್ತು ನೀರಿಲ್ಲದೆ ಇರಲಾರದು, ಹಾಗಾಗಿ ತೀರ ಮೇಲಕ್ಕೆ ಹತ್ತುವುದಿಲ್ಲ.

ನನಗೆ ಅತ್ಯಂತ ಸೋಜಿಗವೆನಿಸಿದ್ದು ಬಾರ್ನಕಲ್. ನೋಡಲು ಕಲ್ಲಿನ ಗುಳ್ಳೆ, ಕುಲದಲ್ಲಿ ಸಿಗಡಿ, ಏಡಿಗಳ ನೆಂಟ. ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಗರಿಯಂಥ ಕಾಲುಗಳಿಂದ ನೀರಿನಲ್ಲಿರುವ ಆಹಾರವನ್ನು ಬಾಚಿಕೊಳ್ಳುತ್ತದೆ. ನೀರು ಶಾಂತವಾಗಿರುವ ಕೊಲ್ಲಿಯಲ್ಲಿ ಅದರ ಕಾಲು ಉದ್ದ, ತೆಳು. ಅಲೆ ಬಡಿಯುವ ಕಡೆ ಗಿಡ್ಡ, ದಪ್ಪ. ಒಂದು ಕಡೆಯದನ್ನು ಇನ್ನೊಂದು ಕಡೆಗೆ ಸಾಗಿಸಿದರೆ, ಪೊರೆ ಕಳಚುತ್ತ ಹೊಸ ಜಾಗಕ್ಕೆ ತಕ್ಕ ಕಾಲು ಬೆಳೆಸಿಕೊಳ್ಳುತ್ತದೆ! ಬುಲ್ ಕೆಲ್ಪ್ ಎಂಬ ಕಡಲಕಳೆಯೂ ಹಾಗೆಯೇ. ಹರಿವು ಜೋರಾಗಿರುವಲ್ಲಿ ಎಲೆ ಕಿರಿದಾದ ಪಟ್ಟಿ, ನಿಧಾನವಾಗಿರುವಲ್ಲಿ ಅಗಲವಾದ ನೆರಿಗೆ.

ಇನ್ನೊಂದು ಚಲನೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ವಸಂತ ಮತ್ತು ಬೇಸಿಗೆಯಲ್ಲಿ ವಾಯವ್ಯದ ಗಾಳಿ ಬೀಸಿದಾಗ, ಭೂಮಿ ತಿರುಗುವುದರ ಪರಿಣಾಮವೂ ಸೇರಿ, ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ. ಅದರ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ, ಜೊತೆಗೆ ಗೊಬ್ಬರದಂಥ ಪೋಷಕಾಂಶಗಳನ್ನೂ ತರುತ್ತದೆ. ಜುಲೈನಲ್ಲೂ ಇಲ್ಲಿನ ಸಮುದ್ರ ಕಾಲು ಮರಗಟ್ಟಿಸುವುದು ಇದರಿಂದಲೇ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲೂ ಆಳದ ನೀರು ಹೀಗೆ ಮೇಲೇರುತ್ತದೆ. ಭೂತಾಯಿ, ಬಂಗುಡೆಯ ಸಮೃದ್ಧಿಗೆ ಅದರ ಪಾಲು ದೊಡ್ಡದು.

ಈಗ ಪೋಷಕರಲ್ಲಿ ಒಂದು ವಿನಂತಿ. ಮಕ್ಕಳ ಕೈಗೆ ಬಕೆಟ್ ಕೊಡಬೇಡಿ. ಹರಿಯುವ ನೀರು ಊಟವನ್ನಷ್ಟೇ ಅಲ್ಲ, ಆಮ್ಲಜನಕವನ್ನೂ ತರುತ್ತದೆ, ಕೊಳೆಯನ್ನೂ ಒಯ್ಯುತ್ತದೆ. ಬಕೆಟ್ಟಿನ ನಿಂತ ನೀರು ಬೇಗ ಬಿಸಿಯಾಗಿ ಒಳಗಿರುವ ಜೀವ ಉಸಿರುಗಟ್ಟುತ್ತದೆ. ಚಿಪ್ಪು, ಕಲ್ಲು, ಪ್ರಾಣಿ ಯಾವುದನ್ನೂ ಅಲ್ಲಿಂದ ತರುವಂತಿಲ್ಲ, ಅದು ಕಾನೂನು ಕೂಡ. ಕಲ್ಲುಗಳನ್ನು ಮಗುಚುವುದೂ ಬೇಡ. ನೆರಳು, ತೇವ ನಂಬಿ ಅಡಿಯಲ್ಲಿ ಬದುಕುವವು ಬಿಸಿಲಿಗೆ ಬಿದ್ದು ಸಾಯುತ್ತವೆ.

ಹೊರಡುವ ಮುನ್ನ ಉಬ್ಬರವಿಳಿತದ ವೇಳಾಪಟ್ಟಿ ನೋಡಿಕೊಳ್ಳಿ. ದೊಡ್ಡ ಇಳಿತಗಳು ಚಳಿಗಾಲದಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಬೇಸಿಗೆಯಲ್ಲಿ ನಸುಕಿನಲ್ಲಿ ಬರುತ್ತವೆ. ಇಳಿತಕ್ಕೆ ಒಂದು ಗಂಟೆ ಮೊದಲೇ ತಲುಪಿ, ನೀರು ಏರತೊಡಗಿದ ಕೂಡಲೇ ಹಿಂದಿರುಗಿ. ಪಾಚಿಯ ಮೇಲೆ ಕಾಲಿಟ್ಟರೆ ಜಾರುತ್ತದೆ, ಹಿಡಿತವಿರುವ ಶೂ ಹಾಕಿಕೊಳ್ಳಿ. ಎಷ್ಟೇ ಒಳ್ಳೆಯ ಫೋಟೋ ಸಿಗುವಂತಿದ್ದರೂ ಸಮುದ್ರಕ್ಕೆ ಬೆನ್ನು ಹಾಕಿ ಮಾತ್ರ ನಿಲ್ಲಬೇಡಿ.