ಮೂಲವ್ಯಾಧಿ: ಮುಚ್ಚಿಡಬೇಡಿ, ಕಂಡವರಲ್ಲಿ ಚುಚ್ಚಿಸಿಕೊಳ್ಳಬೇಡಿ



ಕಬ್ಬಿನಲ್ಲಿ ಕೆಂಪು ಕೊಳೆ ರೋಗದ ಸಂಶಯ ಬಂದರೆ ನೀವು ಸುಮ್ಮನಿರುವುದಿಲ್ಲ. ಜಲ್ಲೆಯನ್ನು ಸೀಳಿ ನೋಡುತ್ತೀರಿ, ನಾಲ್ಕು ಜನರನ್ನು ಕೇಳುತ್ತೀರಿ. ಆದರೆ ಮಲದೊಡನೆ ರಕ್ತ ಕಂಡರೆ ಮನೆಯವರಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಡುವವರು ನಮ್ಮಲ್ಲಿ ಬಹಳ. 'ಸೂಡು ಹೆಚ್ಚಾಗಿದೆ' ಎಂದು ಎಳನೀರು ಕುಡಿದು ಕೆಲಸಕ್ಕೆ ಹೋಗುತ್ತಾರೆ. ಆ ರಕ್ತ ಬಹಳ ಸಲ ಮೂಲವ್ಯಾಧಿಯದೇ ಆಗಿರುತ್ತದೆ, ಆದರೆ ಯಾವಾಗಲೂ ಅಲ್ಲ. ಅದು ಯಾವುದೆಂದು ಮನೆಯಲ್ಲಿ ಕುಳಿತು ತಿಳಿಯಲಾಗುವುದಿಲ್ಲ.

ಮೂಲವೆಂದರೆ ಎಲ್ಲಿಂದಲೋ ಹೊಸದಾಗಿ ಬಂದ ಗಂಟಲ್ಲ. ಗುದದ್ವಾರದ ಒಳಗೆ ರಕ್ತನಾಳಗಳಿಂದ ಕೂಡಿದ ಮೆತ್ತನೆಯ ದಿಂಬುಗಳು ಹುಟ್ಟಿದಾರಭ್ಯ ಎಲ್ಲರಿಗೂ ಇರುತ್ತವೆ, ಸಾಮಾನ್ಯವಾಗಿ ಮೂರು. ಪಂಪಿನ ವಾಷರು ನೀರು ಸೋರದಂತೆ ತಡೆಯುವ ಹಾಗೆ ಇವು ವಾಯುವೂ ತೆಳುವಾದ ಮಲವೂ ಸೋರದಂತೆ ಬಾಯಿಯನ್ನು ಬಿಗಿಯಾಗಿ ಮುಚ್ಚಲು ನೆರವಾಗುತ್ತವೆ. ಮಲ ಗಟ್ಟಿಯಾಗಿ ದಿನವೂ ತಿಣುಕಿದರೆ ಈ ದಿಂಬುಗಳನ್ನು ಹಿಡಿದಿಟ್ಟ ನಾರು ಸಡಿಲವಾಗುತ್ತದೆ. ದಿಂಬು ಉಬ್ಬುತ್ತದೆ, ಕೆಳಗೆ ಜಾರುತ್ತದೆ, ಗಟ್ಟಿ ಮಲ ಉಜ್ಜಿದಾಗ ರಕ್ತ ಬರುತ್ತದೆ.

ಮೊದಲನೆಯ ಹಂತದಲ್ಲಿ ರಕ್ತ ಮಾತ್ರ, ಹೊರಗೆ ಏನೂ ಬರುವುದಿಲ್ಲ. ಎರಡನೆಯದರಲ್ಲಿ ತಿಣುಕಿದಾಗ ಗಂಟು ಹೊರಬಂದು ತಾನಾಗಿಯೇ ಒಳಹೋಗುತ್ತದೆ. ಮೂರನೆಯದರಲ್ಲಿ ಬೆರಳಿನಿಂದ ತಳ್ಳಬೇಕು. ನಾಲ್ಕನೆಯದರಲ್ಲಿ ತಳ್ಳಿದರೂ ಒಳಗೆ ನಿಲ್ಲುವುದಿಲ್ಲ. ಚಿಕಿತ್ಸೆ ಈ ಹಂತವನ್ನು ಅನುಸರಿಸುತ್ತದೆ. ಆದ್ದರಿಂದ ವೈದ್ಯರು ಕೇಳಿದಾಗ ಸಂಕೋಚಪಡದೆ ಹೇಳಬೇಕು.

ಒಳಮೂಲದ ರಕ್ತ ಹೊಳೆಯುವ ಕೆಂಪಾಗಿರುತ್ತದೆ, ಮಲವಾದ ಮೇಲೆ ತೊಟ್ಟಿಕ್ಕುತ್ತದೆ, ನೋವು ಇರುವುದಿಲ್ಲ. ಮಲ ಹೋಗುವಾಗ ಕತ್ತಿಯಿಂದ ಕೊಯ್ದಂಥ ನೋವಿದ್ದರೆ ಅದು ಹೆಚ್ಚಾಗಿ ಗುದದ ಬಿರುಕು. ಅದಕ್ಕೆ ಮದ್ದು ಬೇರೆ. ಅಂಚಿನಲ್ಲಿ ಒಂದೇ ದಿನದಲ್ಲಿ ನೀಲಿ ಗಂಟು ಎದ್ದು ಕೂರಲಾಗದಷ್ಟು ನೋಯುತ್ತಿದ್ದರೆ ಹೊರಮೂಲದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ಸುಮಾರು 3 ದಿನದೊಳಗೆ ಹೋದರೆ ಅದನ್ನು ಸಣ್ಣ ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ದಿನ ಕಳೆದಿದ್ದರೆ ಬಿಸಿನೀರು, ನೋವಿನ ಮಾತ್ರೆಗಳಲ್ಲೇ ತಾನಾಗಿ ಇಳಿಯುತ್ತದೆ.

ಇನ್ನು ಗಮನವಿಟ್ಟು ಓದಬೇಕಾದ ಮಾತು. ರಕ್ತ ಮಲದೊಳಗೆ ಬೆರೆತು ಬಂದರೆ, ಲೋಳೆ ಸೇರಿದ್ದರೆ, ಮಲವಿಸರ್ಜನೆಯ ರೂಢಿ ಕೆಲವು ವಾರಗಳಿಂದ ಬದಲಾಗಿದ್ದರೆ, ಮೈ ಇಳಿಯುತ್ತಿದ್ದರೆ, ಮನೆತನದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಅದನ್ನು ಮೂಲವೆಂದು ತಳ್ಳಿಹಾಕಬಾರದು. 45 ದಾಟಿದವರಿಗೆ ಮೊದಲ ಸಲ ರಕ್ತ ಕಂಡರೂ ಹಾಗೆಯೇ. ಗುದನಾಳದ ಕ್ಯಾನ್ಸರ್ ಶುರುವಿನಲ್ಲಿ ಮೂಲದಂತೆಯೇ ನಟಿಸುತ್ತದೆ. ಬೇಗ ಸಿಕ್ಕರೆ ಗುಣವಾಗುವ ರೋಗವದು. ಎರಡು ವರ್ಷ ಮುಲಾಮು ಹಚ್ಚಿ ಕಳೆದವರಿಗೆ ಆ ಅವಕಾಶ ಕೈತಪ್ಪಬಹುದು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಬಂದರೆ ರಕ್ತ ಹೊಟ್ಟೆಯ ಮೇಲ್ಭಾಗದಿಂದ ಹರಿಯುತ್ತಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಮೂಲದ್ದೇ ಆದರೂ ದಿನವೂ ರಕ್ತ ಹೋದರೆ ರಕ್ತಹೀನತೆ ಬರುತ್ತದೆ. ಬದುವಿನ ಮೇಲೆ ನಾಲ್ಕು ಹೆಜ್ಜೆಗೆ ಏದುಸಿರು ಬಂದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ.

ನಮ್ಮ ಕಸುಬೂ ಇದಕ್ಕೆ ಇಂಬು ಕೊಡುತ್ತದೆ. ರಾತ್ರಿ ನೀರಿನ ಸರದಿ, ಟ್ರಾಕ್ಟರಿನ ಸೀಟು, ಕಬ್ಬಿನ ಲಾರಿಯೊಡನೆ ಗಂಟೆಗಟ್ಟಲೆ ಕಾಯುವುದು, ಈ ನಡುವೆ ಚಹಾ ವಡೆಯಲ್ಲೇ ಹೊಟ್ಟೆ ತುಂಬಿಸಿ ನೀರನ್ನೇ ಮರೆಯುವುದು. ಕಟಾವಿಗೆ ಬರುವ ಹೆಂಗಸರ ಪಾಡು ಇನ್ನೂ ಕಷ್ಟ. ಮರೆಯಾದ ಜಾಗವಿಲ್ಲದೆ ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ, ಅದಕ್ಕೆ ಹೆದರಿ ನೀರನ್ನೂ ಕುಡಿಯುವುದಿಲ್ಲ. ಬಸುರಿನಲ್ಲಿಯೂ ಮೂಲ ಕಾಣಿಸಿಕೊಳ್ಳುವುದುಂಟು. ಹೆಚ್ಚಿನದು ಹೆರಿಗೆಯಾದ ಮೇಲೆ ಇಳಿಯುತ್ತದೆ. ಖಾರದಿಂದಲೇ ಮೂಲ ಹುಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ, ಉರಿ ಹೆಚ್ಚಾಗಬಹುದು ಅಷ್ಟೆ.

ಮೊದಲೆರಡು ಹಂತದವರಲ್ಲಿ ಬಹುಮಂದಿಗೆ ಕತ್ತಿ ಬೇಕಿಲ್ಲ. ದಿನಕ್ಕೆ 25ರಿಂದ 30 ಗ್ರಾಂ ನಾರು ಹೊಟ್ಟೆಗೆ ಹೋಗಬೇಕು. ಬಿಳಿ ಅಕ್ಕಿಯ ಅನ್ನವೊಂದರಿಂದಲೇ ಅದು ಸಿಗುವುದಿಲ್ಲ. ನಮ್ಮ ಹಿರಿಯರ ರಾಗಿ, ಸಜ್ಜೆ, ಹುರುಳಿ, ಸೊಪ್ಪು, ಸೀಬೆಹಣ್ಣು ಇವುಗಳಿಂದ ಸಿಗುತ್ತದೆ. ಸುವರ್ಣಗಡ್ಡೆಗೆ, ಅಂದರೆ ತಮಿಳರ ಸೇನೈಕಿಳಂಗಿಗೆ, ಸಂಸ್ಕೃತದಲ್ಲಿ 'ಅರ್ಶೋಘ್ನ' ಎಂಬ ಹೆಸರೇ ಇದೆ. ಮೂಲವನ್ನು ಕೊಲ್ಲುವುದು ಎಂದು ಅರ್ಥ. ಹೆಸರಿನಷ್ಟು ದೊಡ್ಡ ಗುಣವನ್ನು ನಿರೀಕ್ಷಿಸಬೇಡಿ, ಪಲ್ಯ ಮಾಡಿ ತಿನ್ನಲು ಅಡ್ಡಿಯಿಲ್ಲ. ಸಾಲದಿದ್ದರೆ ರಾತ್ರಿ ಎರಡು ಚಮಚ ಇಸಬಗೋಲಿನ ಹೊಟ್ಟನ್ನು ಒಂದು ಲೋಟ ತುಂಬ ನೀರಿನಲ್ಲಿ ಕಲಸಿ ಕುಡಿಯಿರಿ. ನೀರು ಕಡಿಮೆಯಾದರೆ ಅದೇ ಮಲಬದ್ಧತೆ ತರುತ್ತದೆ. ಶೌಚಕ್ಕೆ ಕರೆ ಬಂದಾಗ ತಡೆಯಬೇಡಿ. ಐದು ನಿಮಿಷದಲ್ಲಿ ಎದ್ದುಬಿಡಿ. ಮೊಬೈಲು ಹೊರಗಿರಲಿ. ಅಗಲವಾದ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ದಿನಕ್ಕೆ ಎರಡು ಮೂರು ಸಲ ಹತ್ತು ಹದಿನೈದು ನಿಮಿಷ ಕುಳಿತರೆ ಬಾಧೆ ಇಳಿಯುತ್ತದೆ. ಮುಲಾಮು ನವೆಗೆ, ಉರಿಗೆ ಸರಿ. ಗಂಟನ್ನು ಅದು ಕರಗಿಸುವುದಿಲ್ಲ.

ಇಷ್ಟಕ್ಕೂ ಬಗ್ಗದ ಎರಡನೆಯ ಹಂತಕ್ಕೆ, ಮೂರನೆಯದರಲ್ಲಿ ಹಲವಕ್ಕೆ, ರಬ್ಬರ್ ಬ್ಯಾಂಡ್ ಚಿಕಿತ್ಸೆ ಒಳ್ಳೆಯದು. ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಉಂಗುರ ಹಾಕಿದರೆ ರಕ್ತ ನಿಂತು ಒಣಗಿ ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ. ಆ ಭಾಗಕ್ಕೆ ಚುಚ್ಚುನೋವಿನ ಅರಿವು ಇಲ್ಲವಾದ್ದರಿಂದ ಅರಿವಳಿಕೆಯೂ ಸಾಮಾನ್ಯವಾಗಿ ಬೇಡ. ಅಂದೇ ಮನೆಗೆ ಬರಬಹುದು. ಉದುರುವಾಗ ಸ್ವಲ್ಪ ರಕ್ತ ಕಾಣಬಹುದು. ಆದರೆ ಜ್ವರ, ಏರುವ ನೋವು, ಮೂತ್ರ ಕಟ್ಟುವುದು ಇವು ಕಂಡರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಮರಳಿ. ದೊಡ್ಡ ಗಂಟುಗಳಿಗೆ ಕೊಯ್ದು ತೆಗೆಯುವ ಶಸ್ತ್ರಕ್ರಿಯೆ. ಲಂಡನ್ನಿನ ಮಿಲಿಗನ್ ಮತ್ತು ಮಾರ್ಗನ್ ಎಂಬ ವೈದ್ಯರು 1937ರಲ್ಲಿ ವಿವರಿಸಿದ ವಿಧಾನ ಇಂದಿಗೂ ನಡೆಯುತ್ತಿದೆ. ನೋವು ಹೆಚ್ಚು, ಎರಡು ಮೂರು ವಾರ ಹೊಲದ ಕೆಲಸ ಬಿಡಬೇಕು. ಆದರೆ ಮರುಕಳಿಸುವುದು ಅತಿ ಕಡಿಮೆ. ಸ್ಟೇಪ್ಲರ್ ವಿಧಾನದಲ್ಲಿ ನೋವು ಕಡಿಮೆ, ಮರುಕಳಿಸುವುದು ಹೆಚ್ಚು. ಲೇಸರ್ ಎಂದು ದೊಡ್ಡ ಜಾಹೀರಾತು ಕಂಡು ಸಾಲ ಮಾಡಬೇಡಿ. ನಿಮ್ಮ ಹಂತಕ್ಕೆ ಬ್ಯಾಂಡೇ ಸಾಕೇ ಎಂದು ಮೊದಲು ಕೇಳಿ.

ಆಯುರ್ವೇದದಲ್ಲಿ ಸುಶ್ರುತ ಮದ್ದು, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ದಾರಿಗಳನ್ನು ಹೇಳಿದ್ದಾನೆ. ಕ್ಷಾರಸೂತ್ರ ಇಂದಿಗೂ ಬಳಕೆಯಲ್ಲಿದೆ. ಪದವಿ ಪಡೆದು ನೋಂದಾಯಿಸಿಕೊಂಡ ಶಲ್ಯತಂತ್ರದ ವೈದ್ಯರು ಅದನ್ನು ಮಾಡಬೇಕು.

ಬಸ್ ನಿಲ್ದಾಣದ ಗೋಡೆಗಳಲ್ಲಿ 'ಮೂಲಂ, ಪವುತ್ತಿರಂ, ವಿರೈವೀಕ್ಕಂ' ಎಂಬ ಭಿತ್ತಿಪತ್ರಗಳನ್ನು ನೀವು ಕಂಡಿರುತ್ತೀರಿ. ಮೂಲ, ಭಗಂದರ, ವೃಷಣದ ಊತ. ಮೂರೂ ಬೇರೆ ಬೇರೆ ರೋಗ. ಮೂರಕ್ಕೂ ಒಂದೇ ಚುಚ್ಚುಮದ್ದು, ಆಪರೇಷನ್ ಇಲ್ಲ, ಒಂದೇ ದಿನ ಎನ್ನುವವನು ಏನನ್ನು ಚುಚ್ಚುತ್ತಾನೆ ಎಂದು ಕೇಳಿದ್ದೀರಾ? ವೈದ್ಯರು ಕೊಡುವ ಚುಚ್ಚುಮದ್ದೂ ಒಂದಿದೆ. ಅಳತೆ ಮಾಡಿ, ನೋಡಿ, ಸರಿಯಾದ ಜಾಗಕ್ಕೆ ಹಾಕುವಂಥದು. ಅರಿಯದವರು ಚುಚ್ಚಿದ ದ್ರಾವಣದಿಂದ, ಹಚ್ಚಿದ ಸುಡುಮದ್ದಿನಿಂದ ಗುದದ ಮಾಂಸ ಕೊಳೆತು, ದ್ವಾರ ಕಿರಿದಾಗಿ, ಇಲ್ಲವೇ ಬಿಗಿತ ತಪ್ಪಿ ಮಲ ಸೋರುವಂತಾದವರಿದ್ದಾರೆ. ಅದನ್ನು ಸರಿಪಡಿಸುವುದು ಮೂಲವನ್ನು ವಾಸಿಮಾಡುವುದಕ್ಕಿಂತ ಎಷ್ಟೋ ಪಾಲು ಕಷ್ಟ.

ಎಲ್ಲಿಗೆ ಹೋಗಬೇಕು? ಹತ್ತಿರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ. ಉಡುಮಲೆ, ಪೊಳ್ಳಾಚಿಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಕೊಯಮತ್ತೂರಿನಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ತಿರುಪ್ಪೂರಿನ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮುಖ್ಯಮಂತ್ರಿಗಳ ವಿಮಾ ಯೋಜನೆಯ ಕಾರ್ಡಿದ್ದರೆ ಜೊತೆಗೆ ಒಯ್ದು, ನಿಮ್ಮ ಚಿಕಿತ್ಸೆ ಅದರಲ್ಲಿ ಸೇರುತ್ತದೆಯೇ ಎಂದು ಮೊದಲೇ ವಿಚಾರಿಸಿ. ಮನೆಯಲ್ಲಿ ಕನ್ನಡವಾಡುವ ನಮಗೆ ಅಲ್ಲಿ ಮಾತು ತಡೆಯಾಗದು. ತಮಿಳಿನಲ್ಲೂ ಅದರ ಹೆಸರು ಮೂಲಂ. ಹೆಂಗಸರು ಮಹಿಳಾ ವೈದ್ಯರನ್ನು ಕೇಳಬಹುದು. ಬೆರಳಿನಿಂದಲೂ ಒಂದು ಪುಟ್ಟ ನಳಿಕೆಯಿಂದಲೂ ಪರೀಕ್ಷೆ ಮಾಡುತ್ತಾರೆ, ಕೆಲವೇ ನಿಮಿಷದ ಕೆಲಸ. ರಕ್ತ ಎಷ್ಟು ದಿನದಿಂದ ಬರುತ್ತಿದೆ, ಯಾವ ಬಣ್ಣ, ನೋವಿದೆಯೇ, ಗಂಟು ಒಳಹೋಗುತ್ತದೆಯೇ ಎಂಬುದನ್ನು ಹೇಳಿ. ಸಕ್ಕರೆ ಕಾಯಿಲೆ ಇದ್ದರೆ ತಿಳಿಸಿ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಚೀಟಿಯನ್ನು ತೋರಿಸಿ. ಅದನ್ನು ನೀವಾಗಿಯೇ ನಿಲ್ಲಿಸಿ ಹೋಗಬೇಡಿ.