ತೋಟವೋ? ಷೇರೋ?

"ಅಪ್ಪಯ್ಯ, ಕಾಫಿಗೆ ಇಂಥ ಧಾರಣೆ ಮತ್ತೆ ಯಾವಾಗ ಬಂದೀತು? ಈಗಲೇ ತೋಟವನ್ನು ಕೊಟ್ಟುಬಿಟ್ಟರೆ ಒಳ್ಳೆಯ ಬೆಲೆ ಸಿಕ್ಕುತ್ತದೆ. ಆ ಹಣವನ್ನು ಷೇರಿನಲ್ಲಿ ತೊಡಗಿಸಿದರೆ ನಿಮಗೂ ನೆಮ್ಮದಿ, ನಮಗೂ ನೆಮ್ಮದಿ."

"ಷೇರು ಎಂದರೆ ಏನು ಮಗ? ಹಿಂದೆ ಒಂದು ಕಾಗದವಾದರೂ ಇತ್ತು. ಈಗ ಅದೂ ಇಲ್ಲ, ಕಂಪ್ಯೂಟರಿನಲ್ಲಿ ಒಂದು ಅಂಕಿ. ತೋಟವಾದರೆ ಬೆಳಗ್ಗೆ ಎದ್ದರೆ ಕಣ್ಣೆದುರಿಗೆ ಇರುತ್ತದೆ."

ಬೆಂಗಳೂರಿನಿಂದ ರಜೆಗೆ ಬಂದ ಮಗನಿಗೂ ಕಳಸದ ಕಡೆಯ ಹತ್ತೆಕರೆ ತೋಟದ ಯಜಮಾನರಿಗೂ ನಡೆಯುವ ಈ ಸಂವಾದ ಯಾವುದೋ ಒಂದು ಮನೆಯದಲ್ಲ. 2024-25ರಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದ ಮೇಲೆ, ಚಿಕ್ಕಮಗಳೂರು, ಮೂಡಿಗೆರೆಗಳ ಎಷ್ಟೋ ಜಗಲಿಗಳ ಮೇಲೆ ಇದೇ ಚರ್ಚೆ. ಮಕ್ಕಳು ಊರು ಬಿಟ್ಟಿದ್ದಾರೆ, ಹಿರಿಯರ ಮಂಡಿ ನೋಯುತ್ತಿದೆ, ಕೊಳ್ಳುವವರು ಗೇಟಿನ ಬಳಿ ಬಂದು ನಿಂತಿದ್ದಾರೆ. ಭೂಮಿ ಲೇಸೋ, ಷೇರು ಲೇಸೋ ಎಂಬ ಪ್ರಶ್ನೆ ಅರ್ಥಶಾಸ್ತ್ರದ ಪುಸ್ತಕದಿಂದ ಎದ್ದು ಊಟದ ಮಣೆಯವರೆಗೆ ಬಂದಿದೆ. ತಂದೆ ಮಕ್ಕಳಲ್ಲಿ ಯಾರ ಮಾತು ಸರಿ?

ಏಳು ಬೀಜದ ಬಂಡವಾಳ

1670ರ ಸುಮಾರಿಗೆ ಬಾಬಾಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಏಳು ಬೀಜ ಬೆಟ್ಟಸಾಲುಗಳನ್ನೇ ತುಂಬಿತೆಂದರೆ ಭೂಮಿಯಷ್ಟು ಉದಾರವಾದ ಖಜಾನೆ ಮತ್ತೊಂದಿಲ್ಲವೆಂದು ಯಾರಿಗಾದರೂ ತೋರುವುದು ಸಹಜ.

ಆದರೆ ಆ ಖಜಾನೆಯ ಬೀಗದ ಕೈ ನಮ್ಮ ಬಳಿ ಇಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವೂ ಎಲೆತುಕ್ಕು ರೋಗವೂ ಬಂದು ಇಲ್ಲಿಯ ಹಳೆಯ 'ಚಿಕ್ಸ್' ತಳಿಯನ್ನು ನೆಲಕಚ್ಚಿಸಿದವು. ರೋಗವನ್ನು ತಡೆಯಬಲ್ಲ ತಳಿಗಳನ್ನು ಹುಡುಕುವುದಕ್ಕೆಂದೇ ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರವನ್ನು ತೆರೆಯಬೇಕಾಯಿತು. ಇಂದಿಗೂ ಮಾರ್ಚ್-ಏಪ್ರಿಲಿನ ಹೂಮಳೆ ತಪ್ಪಿದರೆ ರೊಬಸ್ಟಾ ಬೆಳೆಗಾರನ ವರ್ಷವೇ ತಪ್ಪಿದಂತೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದಾಗ, 'ಭೂಮಿ ಎಲ್ಲಿಗೂ ಓಡಿಹೋಗದು' ಎಂಬ ಹಿರಿಯರ ಮಾತೂ ಸುಳ್ಳಾಯಿತು. ತೋಟಗಳು ಕಣ್ಣೆದುರಿಗೇ ಹಳ್ಳಕ್ಕೆ ಇಳಿದವು.

ಬೆಲೆಯ ಕಥೆಯನ್ನೂ ನೋಡೋಣ. ಬ್ರೆಜಿಲಿನಲ್ಲಿ 1975ರಲ್ಲಿ ಹಿಮ ಬಿದ್ದ ಪರಿಣಾಮವಾಗಿ 1977ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 3 ಡಾಲರನ್ನು ದಾಟಿತ್ತು. 2001ರಲ್ಲಿ ಅದೇ ಕಾಫಿ 50 ಸೆಂಟಿಗಿಂತಲೂ ಕೆಳಗೆ ಬಿತ್ತು. 2025ರ ಫೆಬ್ರವರಿಯಲ್ಲಿ 4 ಡಾಲರನ್ನು ಮೀರಿತು. 1942ರ ಕಾಫಿ ಕಾಯಿದೆಯಂತೆ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದ ಕಾಲದಲ್ಲಿ ಈ ಏರಿಳಿತದ ಪೆಟ್ಟು ನಮ್ಮ ಬೆಳೆಗಾರನಿಗೆ ನೇರವಾಗಿ ತಟ್ಟುತ್ತಿರಲಿಲ್ಲ. ಹಣ ಕಂತುಕಂತಾಗಿ ಬರುತ್ತಿತ್ತು, ತಡವಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು. 1992ರಿಂದ 1996ರವರೆಗೆ ಹಂತಹಂತವಾಗಿ ಮಾರಾಟದ ಸ್ವಾತಂತ್ರ್ಯ ದೊರೆಯಿತು. ಸ್ವಾತಂತ್ರ್ಯದ ಜೊತೆಗೇ ಅಪಾಯವೂ ದೊರೆಯಿತು. 2001-02ರಲ್ಲಿ ಕೂಲಿಯ ಖರ್ಚೂ ಹುಟ್ಟದೆ ಕಂಗೆಟ್ಟ ಮನೆಗಳು ಈ ಬೆಟ್ಟಗಳಲ್ಲಿ ಹಲವು. ಮಗನ ಕಣ್ಣಿಗೆ ಇಂದಿನ ಬೆಲೆ ಕಾಣುತ್ತದೆ. ತಂದೆಯ ನೆನಪಿನಲ್ಲಿ ಎರಡೂ ಇವೆ.

ನೂರು ಪಟ್ಟಿನ ಮಾಯೆ

ನಗರದ ನಿವೇಶನದ ಮಾತು ಬೇರೆ. ಅದಕ್ಕೆ ಹೂಮಳೆ ಬೇಕಿಲ್ಲ. "1985ರಲ್ಲಿ ಲಕ್ಷಕ್ಕೆ ಕೊಂಡ ಸೈಟು 2025ರಲ್ಲಿ ಕೋಟಿಯಾಯಿತು" ಎಂದು ಯಾರಾದರೂ ಹೇಳಿದರೆ ನಮ್ಮ ತಲೆ ತಿರುಗುತ್ತದೆ. ನೂರು ಪಟ್ಟು! ಆದರೆ ಪೆನ್ಸಿಲ್ ಹಿಡಿದು ಚಕ್ರಬಡ್ಡಿಯ ಲೆಕ್ಕ ಹಾಕಿದರೆ, ನಲವತ್ತು ವರ್ಷಗಳಲ್ಲಿ ನೂರು ಪಟ್ಟು ಎಂದರೆ ವರ್ಷಕ್ಕೆ ಸುಮಾರು ಶೇಕಡಾ 12 ಮಾತ್ರ. ಮುದ್ರಾಂಕ, ನೋಂದಣಿ, ಕಂದಾಯ, ಬೇಲಿ, ವ್ಯಾಜ್ಯ ಇವನ್ನೆಲ್ಲ ಕಳೆದರೆ ಇನ್ನೂ ಕಡಿಮೆ.

ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸನ್ನು 1979ರಲ್ಲಿ 100 ಎಂದು ಎಣಿಸಲಾಗಿದೆ. 2024ರ ಜುಲೈಯಲ್ಲಿ ಅದು 80,000ವನ್ನು ದಾಟಿತು. ನಲವತ್ತೈದು ವರ್ಷಗಳಲ್ಲಿ ಎಂಟುನೂರು ಪಟ್ಟು, ಅಂದರೆ ವರ್ಷಕ್ಕೆ ಸುಮಾರು ಶೇಕಡಾ 16. ಕಂಪನಿಗಳು ಹಂಚಿದ ಲಾಭಾಂಶ ಇದರಲ್ಲಿ ಸೇರಿಲ್ಲ. ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೆ ಒಂದರಂತೆ ಷೇರು ನೀಡಿದಾಗ ಕೊಳ್ಳುವವರೇ ಸಾಲದೆ ಹೋದರು. ಅಂದು 9,500 ರೂಪಾಯಿ ಕೊಟ್ಟು 100 ಷೇರು ಕೊಂಡು ಸುಮ್ಮನಿದ್ದವರ ಬಳಿ, ಬೋನಸ್ಸುಗಳೂ ವಿಭಜನೆಯೂ ಸೇರಿ, 2018ರ ಹೊತ್ತಿಗೆ 1,02,400 ಷೇರುಗಳಿದ್ದವು.

ಹಾಗಾದರೆ ಮಗನೇ ಗೆದ್ದನೆ? ತಡೆಯಿರಿ. ಅದೇ ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಸಂಸ್ಥೆ 2012ರಲ್ಲಿ ಹಾರಾಟ ನಿಲ್ಲಿಸಿದಾಗ ಅದರ ಷೇರುದಾರರ ಕೈಯಲ್ಲಿ ಏನು ಉಳಿಯಿತು? ತೋಟ ಹಾಳುಬಿದ್ದರೂ ನೆಲ ಉಳಿಯುತ್ತದೆ. ಕಂಪನಿ ಹಾಳಾದರೆ ಉಳಿಯುವುದು ಹೆಸರು ಮಾತ್ರ. ಸೂಚ್ಯಂಕವೂ ನೇರವಾಗಿ ಏರಿದ್ದಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದು ಅಕ್ಟೋಬರಿನ ವೇಳೆಗೆ 9,000ಕ್ಕೂ ಕೆಳಗಿಳಿಯಿತು. ಹಳೆಯ ಮಟ್ಟ ಕಾಣಲು ಎರಡು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಆ ಎರಡು ವರ್ಷಗಳ ನಡುವೆ ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಬಂದು ಅರ್ಧ ಬೆಲೆಗೆ ಮಾರಿದವನಿಗೆ ಶೇಕಡಾ 16ರ ಲೆಕ್ಕ ಕಥೆಯಷ್ಟೆ. ಅಂಗಡಿಯ ಧಾರಣೆಯಂತೆ ದಿನವೂ ಕಣ್ಣಿಗೆ ಬೀಳುವ ಷೇರಿನ ಬೆಲೆ ಮನಸ್ಸನ್ನು ಕದಡುತ್ತದೆ. ತೋಟದ ಬೆಲೆಯನ್ನು ಯಾರೂ ದಿನವೂ ಕೂಗುವುದಿಲ್ಲ. ಅದಕ್ಕೇ ತೋಟದವನಿಗೆ ಸುಖನಿದ್ರೆ.

ಎರಡನ್ನೂ ಕಂಡವರು

ಈ ಎರಡು ದಾರಿಗಳಲ್ಲೂ ನಡೆದ ಒಬ್ಬರು ಇದೇ ಜಿಲ್ಲೆಯಲ್ಲಿದ್ದರು. ಕಾಫಿ ಬೆಳೆಗಾರರ ಮನೆತನದ ವಿ. ಜಿ. ಸಿದ್ಧಾರ್ಥ ತಾರುಣ್ಯದಲ್ಲಿ ಮುಂಬಯಿಗೆ ಹೋಗಿ ಷೇರು ವ್ಯವಹಾರವನ್ನು ಕಲಿತರು. ಮರಳಿ ಬಂದಾಗ ತಂದೆ ಕೊಟ್ಟ ಹಣದ ಬಹುಭಾಗದಲ್ಲಿ ಮೊದಲು ಬೆಂಗಳೂರಿನಲ್ಲಿ ನಿವೇಶನವೊಂದನ್ನು ಕೊಂಡರೆಂದು ಪತ್ರಿಕೆಗಳು ಬರೆದಿದ್ದವು. ವ್ಯಾಪಾರ ಕೈಕೊಟ್ಟರೆ ಅದನ್ನು ಮಾರಿ ತಂದೆಯ ಹಣ ಹಿಂದಿರುಗಿಸಬಹುದೆಂಬುದು ಎಣಿಕೆ. ಉಳಿದ ಹಣದಲ್ಲಿ ಷೇರು ವ್ಯವಹಾರ, ಅದರ ಲಾಭದಲ್ಲಿ ಸಾವಿರಾರು ಎಕರೆ ಕಾಫಿತೋಟ, 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ. ಮಣ್ಣಿನಿಂದ ಷೇರು, ಷೇರಿನಿಂದ ಮಣ್ಣು! ಇದಕ್ಕಿಂತ ಸೊಗಸಾದ ಸಮನ್ವಯ ಬೇಕೆ?

2015ರಲ್ಲಿ ಅವರ ಕಂಪನಿಯ ಷೇರು 328 ರೂಪಾಯಿಗೆ ಸಾರ್ವಜನಿಕರಿಗೆ ಮಾರಾಟವಾಯಿತು. 2019ರ ಮಾರ್ಚಿಯ ಹೊತ್ತಿಗೆ ಕಂಪನಿ ಸಮೂಹದ ಮೇಲಿದ್ದ ಸಾಲ ಏಳು ಸಾವಿರ ಕೋಟಿ ರೂಪಾಯಿಗೂ ಮಿಗಿಲು. ಮೈಂಡ್‌ಟ್ರೀ ಕಂಪನಿಯಲ್ಲಿದ್ದ ಬೆಲೆಬಾಳುವ ಪಾಲನ್ನೂ ಅವರು ಆ ವರ್ಷ ಮಾರಿದರು. ಜುಲೈಯಲ್ಲಿ ಅವರು ಅಕಾಲಿಕವಾಗಿ ತೀರಿಕೊಂಡಾಗ ಮಲೆನಾಡು ಕಣ್ಣೀರಿಟ್ಟಿತು. ಕೆಲವೇ ವಾರಗಳಲ್ಲಿ ಷೇರಿನ ಬೆಲೆ ನೂರು ರೂಪಾಯಿಗೂ ಕೆಳಗಿಳಿಯಿತು. ಒಬ್ಬ ಮನುಷ್ಯನ ಅಂತರಂಗವನ್ನು ಅಳೆಯುವ ಅಧಿಕಾರ ನಮಗಿಲ್ಲ. ಆದರೆ ಲೆಕ್ಕದ ಪುಸ್ತಕ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ತೋಟಕ್ಕೂ ಷೇರಿಗೂ ಕಾಲಾವಕಾಶ ಕೊಟ್ಟರೆ ಎರಡೂ ಫಲಿಸುತ್ತವೆ. ಸಾಲ ಮಾತ್ರ ಕಾಲಾವಕಾಶ ಕೊಡುವುದಿಲ್ಲ.

ಜಗಲಿಯ ತೀರ್ಮಾನ

ಹಾಗಿದ್ದರೆ ಕಳಸದ ಮನೆಯವರು ಏನು ಮಾಡಬೇಕು? ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೆಲೆಯದಲ್ಲ, ನೋಡಿಕೊಳ್ಳುವವರದು. ಕಾಫಿತೋಟ ಬರಿಯ ಭೂಮಿಯಲ್ಲ, ಅದೊಂದು ಉದ್ಯೋಗ. ಮರಗಸಿ, ಚಿಗುರು ತೆಗೆಯುವುದು, ಕೊಯ್ಲು, ಕಣ ಇವಕ್ಕೆಲ್ಲ ಯಜಮಾನನ ಕಣ್ಣು ಬೇಕು. ಆ ಕಣ್ಣು ಮನೆಯಲ್ಲಿ ಉಳಿಯುವುದಾದರೆ ತೋಟವೂ ಉಳಿಯಲಿ. ಯಾರೂ ಇಲ್ಲವೆಂದಾದರೆ, ಪಾಳುಬೀಳುವುದಕ್ಕೆ ಮೊದಲೇ ಪ್ರೀತಿಯಿಂದ ನೋಡಿಕೊಳ್ಳುವವರಿಗೆ ಕೊಡುವುದರಲ್ಲಿ ಅವಮಾನವೇನೂ ಇಲ್ಲ.

ಎರಡನೆಯದಾಗಿ, ಒಳ್ಳೆಯ ಧಾರಣೆಯ ವರ್ಷ ತೋಟವನ್ನು ಮಾರುವುದಕ್ಕಿಂತ ತೋಟದ ಸಾಲವನ್ನು ತೀರಿಸುವುದಕ್ಕೆ ಒಳ್ಳೆಯ ವರ್ಷ. ಸಾಲ ತೀರಿ ಮಿಕ್ಕ ಹಣದಲ್ಲಿ ಪಕ್ಕದ ತೋಟವನ್ನೇ ಕೊಳ್ಳುವುದು ಮಲೆನಾಡಿನ ಹಳೆಯ ಆಸೆ. ಆದರೆ ಅದೇ ಮಳೆಗೆ, ಅದೇ ಹುಳುವಿಗೆ, ಅದೇ ನ್ಯೂಯಾರ್ಕಿನ ಬೆಲೆಗೆ ಇನ್ನಷ್ಟು ಹಣವನ್ನು ಒಡ್ಡಿದಂತಾಗುತ್ತದೆ. ಆ ಮಿಗುತಾಯವನ್ನು ಒಂದೇ ಕಂಪನಿಗೆ ಸುರಿಯದೆ, ಹಲವು ಕಂಪನಿಗಳ ಷೇರುಗಳಿರುವ ಸೂಚ್ಯಂಕ ನಿಧಿಯಲ್ಲಿ ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಹಾಕಬಹುದು. ಹತ್ತು ವರ್ಷ ಮುಟ್ಟಬೇಕಾಗಿ ಬಾರದ ಹಣ ಮಾತ್ರ ಅಲ್ಲಿಗೆ ಹೋಗಲಿ. ಮುಂದೆ ಪಾಲಾಗುವಾಗಲೂ ಇದು ಅನುಕೂಲ: ಹತ್ತೆಕರೆಯನ್ನು ನಾಲ್ವರಿಗೆ ಹಂಚಿದರೆ ತೋಟವೇ ಹರಿದುಹೋಗುತ್ತದೆ. ಷೇರನ್ನು ಹಂಚಿದರೆ ಯಾರಿಗೂ ನೋವಿಲ್ಲ. ತೋಟ ಉಳಿಸಿಕೊಳ್ಳುವವನಿಗೆ ತೋಟ, ಉಳಿದವರಿಗೆ ಷೇರು ಎಂದರೆ ಎಷ್ಟೋ ದಾವೆಗಳು ಹುಟ್ಟುವುದೇ ಇಲ್ಲ.

ಇಷ್ಟನ್ನೂ ಮಗ ವಿವರಿಸಿದ ಮೇಲೆ ತಂದೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದರಂತೆ:

"ಆ ನಿನ್ನ ಅಂಕಿಗೂ ಹೂಮಳೆ ಬೇಕೇನೋ?"

"ಬೇಕು ಅಪ್ಪಯ್ಯ. ಆದರೆ ಯಾವ ವರ್ಷ ಬರುತ್ತದೆಂದು ಯಾರೂ ಹೇಳಲಾರರು."

"ಹಾಗಾದರೆ ಅದೂ ತೋಟವೇ ಅನ್ನು. ಸಾಲ ಮಾಡದೆ ಕಾಯುವುದಾದರೆ ಹಾಕು."